ಒಂದೇ ಮನೆ, ಎರಡು ಪದಕೋಶ: ಬೇಗ ನಿಂತ ‘ಸಾರಾಭಾಯಿ’ಯ ನೆನಪು

2025ರ ಅಕ್ಟೋಬರ್ ತಿಂಗಳಲ್ಲಿ ನಟ ಸತೀಶ್ ಶಾ ತೀರಿಕೊಂಡ ಸುದ್ದಿ ಬಂದಾಗ ನಾನು ಇಚಲಕರಂಜಿಯಲ್ಲಿ ಬಂಧುಗಳ ಮನೆಯಲ್ಲಿದ್ದೆ. ನಾವು ‘ಕಾಕು’ ಎಂದು ಕರೆಯುವ ಚಿಕ್ಕಮ್ಮ ಟಿ.ವಿ. ಪರದೆಯ ಮೇಲಿನ ಮುಖವನ್ನು ಗುರುತಿಸಿ, “ಈ ಮುದುಕ ಯಾವಾಗಲೂ ಸೊಸೀ ಕಡೆ ಇರ್ತಿದ್ದ, ಹೆಂಡ್ತೀನ್ನ ಕಾಡಸ್ತಿದ್ದ. ಎಷ್ಟ ನಗಸ್ತಿತ್ತು ಅದು! ಅಷ್ಟ ಲಗೂನ ಯಾಕ ನಿಲ್ಲಿಸಿದರೋ ಏನೋ” ಎಂದರು. ಧಾರಾವಾಹಿಯ ಹೆಸರು ಅವರಿಗೆ ನೆನಪಿರಲಿಲ್ಲ. ಅದು ಬರುತ್ತಿದ್ದ ವಾಹಿನಿಯೂ ನೆನಪಿರಲಿಲ್ಲ. ಆದರೆ ಆ ಮನೆಯಲ್ಲಿ ಯಾರು ಯಾರ ಪಕ್ಷದಲ್ಲಿದ್ದರು ಎಂಬುದು ಎರಡು ದಶಕಗಳ ನಂತರವೂ ಸ್ಪಷ್ಟವಾಗಿತ್ತು. ಅವರ ಮಾತು ಹಿಂದಿಯ ಕಾರ್ಯಕ್ರಮವೊಂದರ ಬಗ್ಗೆ, ಕನ್ನಡದಲ್ಲಿ, ಮರಾಠಿಯಿಂದ ಬಂದ ಸಂಬಂಧವಾಚಕವನ್ನು ಹೊತ್ತ ಒಬ್ಬ ಹೆಂಗಸಿನ ಬಾಯಿಂದ ಬಂದಿತ್ತು. ಈ ಲೇಖನ ಹುಟ್ಟಿದ್ದು ಆ ಒಂದು ಮಾತಿನಿಂದ.

‘ಸಾರಾಭಾಯಿ ವರ್ಸಸ್ ಸಾರಾಭಾಯಿ’ಯನ್ನು ಮುಂಬಯಿಯ ಶ್ರೀಮಂತ ವರ್ಗದ ವಿಡಂಬನೆಯೆಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಆ ವಿವರಣೆ ತಪ್ಪಲ್ಲ. ಆದರೆ ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ದ್ವಿಭಾಷಿಕ ಮನೆಗಳಲ್ಲಿ ಅದು ಇನ್ನೊಂದು ಬಗೆಯಲ್ಲಿ ಅರ್ಥವಾಯಿತು ಎಂಬುದು ನನ್ನ ವಾದ. ಒಂದೇ ಸೂರಿನ ಕೆಳಗೆ ಒಂದು ನುಡಿ ಮೇಲಿನದೆಂದೂ ಇನ್ನೊಂದು ಕೆಳಗಿನದೆಂದೂ ಎಣಿಕೆಯಾಗುವಾಗ, ಕೆಳಗಿನ ನುಡಿಯವರು ತಿದ್ದಿಕೊಳ್ಳದೆಯೂ ಪ್ರೀತಿಪಾತ್ರರಾಗಿ ಉಳಿಯಬಹುದು ಎಂಬುದನ್ನು ಆ ಹಾಸ್ಯ ತೋರಿಸಿತ್ತು. ಅದು ಬೇಗ ನಿಂತದ್ದರಿಂದ ನಾವು ಕಳೆದುಕೊಂಡದ್ದು ಈ ಸಾಧ್ಯತೆಯನ್ನು.

ಮೊದಲು ಕೆಲವು ಸಂಗತಿಗಳನ್ನು ನೆನಪಿಸಿಕೊಳ್ಳುವುದು ಉಚಿತ. ಸ್ಟಾರ್ ಒನ್ ವಾಹಿನಿ 2004ರ ನವೆಂಬರ್‌ನಲ್ಲಿ ಆರಂಭವಾದಾಗಲೇ ಈ ಸಾಪ್ತಾಹಿಕ ಹಾಸ್ಯ ಧಾರಾವಾಹಿಯೂ ಆರಂಭವಾಯಿತು. ಆತಿಶ್ ಕಪಾಡಿಯಾ ಅದರ ಬರಹಗಾರರು, ದೇವೆನ್ ಭೋಜಾನಿ ನಿರ್ದೇಶಕರು, ಜೆ.ಡಿ. ಮಜೀಠಿಯಾ ಅವರ ಹ್ಯಾಟ್ಸ್ ಆಫ್ ಸಂಸ್ಥೆ ನಿರ್ಮಿಸಿತು. ಕಫ್ ಪರೇಡಿನ ಗುಜರಾತಿ ಕುಟುಂಬವೊಂದರ ಯಜಮಾನ ಇಂದ್ರವದನನಾಗಿ ಸತೀಶ್ ಶಾ, ಅವನ ಹೆಂಡತಿ ಮಾಯಾ ಆಗಿ ರತ್ನಾ ಪಾಠಕ್ ಶಾ, ಶಸ್ತ್ರವೈದ್ಯನಾದ ಹಿರಿಯ ಮಗ ಸಾಹಿಲ್ ಆಗಿ ಸುಮೀತ್ ರಾಘವನ್, ಸೊಸೆ ಮೋನಿಷಾ ಆಗಿ ರೂಪಾಲಿ ಗಂಗೂಲಿ, ಕವಿಯೂ ನಟನೂ ಆದ ಕಿರಿಯ ಮಗ ರೋಸೇಶ್ ಆಗಿ ರಾಜೇಶ್ ಕುಮಾರ್ ಅಭಿನಯಿಸಿದರು. ಸುಮಾರು 70 ಕಂತುಗಳ ನಂತರ 2006ರಲ್ಲಿ ಅದು ನಿಂತಿತು. ಟಿ.ಆರ್.ಪಿ. ಸಾಲಲಿಲ್ಲವೆಂಬುದು ಅದಕ್ಕೆ ಎಲ್ಲರೂ ಹೇಳುವ ಕಾರಣ.

ಅದೇ ಅವಧಿಯಲ್ಲಿ ಅದೇ ಸಮೂಹದ ಸ್ಟಾರ್ ಪ್ಲಸ್ ವಾಹಿನಿಯಲ್ಲಿ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ ನಡೆಯುತ್ತಿತ್ತು. 2000ದಿಂದ 2008ರವರೆಗೆ ಅದರ 1800ಕ್ಕೂ ಹೆಚ್ಚು ಕಂತುಗಳು ಬಂದವು. ಅಲ್ಲಿಯೂ ಗುಜರಾತಿ ಮನೆ, ಅಲ್ಲಿಯೂ ಅತ್ತೆ-ಸೊಸೆ. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ‘ಸಾರಾಭಾಯಿ’ಯ ಧೈರ್ಯ ತಿಳಿಯುತ್ತದೆ. ದೈನಂದಿನ ಧಾರಾವಾಹಿ ಅತ್ತೆ-ಸೊಸೆಯರ ನಡುವೆ ಆಸ್ತಿ, ವಂಶ, ಚಾರಿತ್ರ್ಯಗಳ ಕದನವನ್ನು ಹೂಡುತ್ತಿತ್ತು. ‘ಸಾರಾಭಾಯಿ’ಯಲ್ಲಿ ಇಬ್ಬರ ನಡುವಿನ ಜಗಳ ಬಹುಮಟ್ಟಿಗೆ ಪದಗಳದು ಮತ್ತು ಅಭಿರುಚಿಯದು: ಒಂದು ವಸ್ತುವನ್ನು ಏನೆಂದು ಕರೆಯಬೇಕು, ಎಷ್ಟು ಚೌಕಾಸಿ ಮಾಡಬಹುದು, ಅತಿಥಿಗಳ ಮುಂದೆ ಯಾವ ಉದ್ಗಾರ ಸಲ್ಲುತ್ತದೆ. ಸಣ್ಣವೆಂದು ತೋರುವ ಈ ಸಂಗತಿಗಳಲ್ಲಿ ಮನೆಯ ನಿಜವಾದ ಅಧಿಕಾರ ನೆಲೆಸಿದೆ ಎಂಬುದನ್ನು ಅದರ ಬರಹಗಾರರು ಅರಿತಿದ್ದರು.

ಈ ಅರಿವಿನ ತಿರುಳು ಸೊಸೆಯ ಹೆಸರಿನಲ್ಲಿಯೇ ಇದೆ. ದೆಹಲಿಯ ಕಡೆಯ ಮಧ್ಯಮವರ್ಗದ ಪಂಜಾಬಿ ಮನೆಯಿಂದ ಬಂದ ಹುಡುಗಿಯ ಹೆಸರು ಮನೀಷಾ. ಆ ಹೆಸರು ತೀರ ‘ಮಿಡ್ಲ್ ಕ್ಲಾಸ್’ ಎಂದು ಅತ್ತೆಗೆ ಅನಿಸುತ್ತದೆ. ಅವಳು ಅದನ್ನು ‘ಮೋನಿಷಾ’ ಮಾಡುತ್ತಾಳೆ. ಒಂದು ಸ್ವರ ಬದಲಾಯಿತು, ಒಂದು ವರ್ಗ ಬದಲಾಗಬೇಕೆಂಬ ನಿರೀಕ್ಷೆ ಹುಟ್ಟಿತು. ಮದುವೆಯ ಮನೆಯಲ್ಲಿ ಸೊಸೆಯ ಹೆಸರನ್ನು ಬದಲಿಸುವ ಪದ್ಧತಿ ನಮ್ಮ ಭಾಗಕ್ಕೆ ಹೊಸತಲ್ಲ. ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಯಿಸುವುದನ್ನು ಮರಾಠಿ ಮನೆಗಳ ಮದುವೆಗಳಲ್ಲಿ ಎಲ್ಲರೂ ಕಂಡಿದ್ದೇವೆ. ಆ ವಿಧಿಯಲ್ಲಿ ಅಡಗಿರುವ ಆಜ್ಞೆಯನ್ನು ಈ ಧಾರಾವಾಹಿ ವಿಧಿಯ ಹೊರಗೆ ಎಳೆದುತಂದು, ಅದು ಆಜ್ಞೆಯೇ ಎಂದು ಗುರುತಿಸಿ, ಅದಕ್ಕೆ ನಗುವಂತೆ ಮಾಡಿತು.

ಇಲ್ಲಿ ಭಾಷಾಶಾಸ್ತ್ರದ ಒಂದು ಪ್ರಸಿದ್ಧ ಅಧ್ಯಯನ ನೆರವಿಗೆ ಬರುತ್ತದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನದ ಮೂಲಕ ನಮ್ಮ ನೆರೆಯ ಸಾಂಗಲಿ ಜಿಲ್ಲೆಯ ಒಂದು ಹಳ್ಳಿ ‘ಕುಪ್ವಾರ್’ ಎಂಬ ಹೆಸರಿನಿಂದ ಜಗತ್ತಿನ ಭಾಷಾಶಾಸ್ತ್ರದ ಪಠ್ಯಗಳಲ್ಲಿ ಸೇರಿಹೋಯಿತು. ಅಲ್ಲಿ ಕನ್ನಡ, ಮರಾಠಿ, ಉರ್ದುಗಳು ಶತಮಾನಗಳ ಒಡನಾಟದಲ್ಲಿ ವಾಕ್ಯರಚನೆಯ ಮಟ್ಟಿಗೆ ಎಷ್ಟು ಹತ್ತಿರವಾಗಿವೆಯೆಂದರೆ ಒಂದು ನುಡಿಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ತಿರುಗಿಸಬಹುದು. ಆದರೂ ಪದಗಳು ಮಾತ್ರ ಬೇರೆಬೇರೆಯಾಗಿ ಉಳಿದಿವೆ. ಮನೆಯೊಳಗಿನ ನುಡಿ ಆಯಾ ಸಮುದಾಯದ ಗುರುತಾಗಿರುವುದರಿಂದ, ವ್ಯಾಕರಣ ಕರಗಿದರೂ ಪದಗಳು ಕರಗಲಿಲ್ಲ ಎಂಬುದು ಆ ಅಧ್ಯಯನದ ಸಾರ. ಗಡಿಭಾಗದ ನುಡಿಯ ಬಗ್ಗೆ ಕೆಲಸ ಮಾಡುವವರಿಗೆಲ್ಲ ಇದು ಪರಿಚಿತ ಸಂಗತಿ.

ಮಾಯಾ ಮತ್ತು ಮೋನಿಷಾ ಮಾತನಾಡುವುದೂ ಹೀಗೆಯೇ. ಇಬ್ಬರ ಮಾತಿನ ಕಟ್ಟು ಹಿಂದಿಯದು. ಆ ಕಟ್ಟಿನೊಳಗೆ ಮಾಯಾ ಇಂಗ್ಲಿಷಿನ, ಅದರಲ್ಲೂ ಕಲೆ ಹಾಗೂ ಪಾಕಶಾಸ್ತ್ರದ ಪದಗಳನ್ನು ತುಂಬುತ್ತಾಳೆ. ಮೋನಿಷಾ ಬಜಾರಿನ, ತವರಿನ, ರಿಯಾಯಿತಿ ಮಾರಾಟದ ಪದಗಳನ್ನು ತುಂಬುತ್ತಾಳೆ. ಮಾಯಾಳ ಪ್ರತಿಯೊಂದು ತಿದ್ದುಪಡಿಯೂ ವಾಕ್ಯವನ್ನು ಹಾಗೆಯೇ ಬಿಟ್ಟು ಪದವನ್ನು ಕಿತ್ತು ಬೇರೆ ಪದವನ್ನು ನೆಡುವ ಕೆಲಸ. ವ್ಯಾಕರಣ ಹಂಚಿಕೊಂಡವರ ನಡುವೆ ಪದವೇ ಗಡಿರೇಖೆಯಾಗುವ ಈ ಸ್ಥಿತಿ ಕುಪ್ವಾರಿನದು. ಒಂದು ಮುಖ್ಯ ವ್ಯತ್ಯಾಸವಿದೆ: ಹಳ್ಳಿಯಲ್ಲಿ ಪದಗಳ ಅಂತರವನ್ನು ಸಮುದಾಯಗಳು ತಾವಾಗಿ ಕಾಯ್ದುಕೊಂಡವು, ಕಫ್ ಪರೇಡಿನಲ್ಲಿ ಅಂತರವನ್ನು ಅಳಿಸಬೇಕೆಂದು ಮೇಲಿನವರು ಹಟ ಹಿಡಿಯುತ್ತಾರೆ. ಹಟ ಗೆಲ್ಲುವುದಿಲ್ಲ. ಹಾಸ್ಯ ಹುಟ್ಟುವುದು ಅಲ್ಲಿ.

ನಮ್ಮ ಮನೆಗಳಲ್ಲಿ ಇದು ಹೇಗೆ ಕೇಳಿಸಿತು ಎಂಬುದನ್ನು ಹೇಳಬೇಕಾದರೆ ಒಂದು ಸ್ವಂತ ನೆನಪನ್ನು ತರುವುದು ಅನಿವಾರ್ಯ. ಆಗ ನಮ್ಮ ಕುಟುಂಬದಲ್ಲಿ ಗಡಹಿಂಗ್ಲಜದ ಕಡೆಯಿಂದ ಹೊಸ ಸೊಸೆಯೊಬ್ಬಳು ಬಂದಿದ್ದಳು. ಅವಳ ತವರಿನಲ್ಲಿ ಕನ್ನಡವೇ ಮನೆಮಾತು. ನಮ್ಮ ಮನೆಯಲ್ಲಿಯೂ ಕನ್ನಡವೇ. ಆದರೆ ಕೊಲ್ಲಾಪುರದಿಂದ ಬೀಗರೋ ಪರಿಚಯದವರೋ ಬಂದು ಹೊರಗಿನ ಕೋಣೆಯಲ್ಲಿ ಕುಳಿತರೆ ಮನೆಯ ಮಾತು ಹೊಸ್ತಿಲಲ್ಲಿಯೇ ಬಟ್ಟೆ ಬದಲಿಸುತ್ತಿತ್ತು. ಅಡುಗೆಮನೆಯ ‘ರೊಟ್ಟಿ’ ಹೊರಗೆ ಬರುವಷ್ಟರಲ್ಲಿ ‘ಭಾಕರಿ’ ಆಗುತ್ತಿತ್ತು, ‘ಪಲ್ಯ’ ‘ಭಾಜಿ’ ಆಗುತ್ತಿತ್ತು. ‘ಅವ್ವಾ’ ಎಂದು ಕರೆಸಿಕೊಳ್ಳುತ್ತಿದ್ದ ಅತ್ತೆ ಅಷ್ಟು ಹೊತ್ತಿಗೆ ‘ಆಯಿ’ ಆಗಬೇಕಿತ್ತು. ಹೊಸ ಸೊಸೆಗೆ ಈ ನಿಯಮ ತಿಳಿಯದು. ಅವಳು ಅತಿಥಿಗಳ ಮುಂದೆ ಗಟ್ಟಿಯಾಗಿ “ಅವ್ವಾ, ಇನ್ನೊಂದ ರೊಟ್ಟಿ ಬಡೀಲೇನ?” ಎಂದು ಕೇಳಿದ್ದಳು. ಯಾರೂ ಏನೂ ಅನ್ನಲಿಲ್ಲ. ಅತಿಥಿಗಳೂ ಕನ್ನಡ ಬಲ್ಲವರೇ. ಆದರೂ ಆ ರಾತ್ರಿ ಅವಳಿಗೆ ಮೆಲುದನಿಯಲ್ಲಿ ತಿದ್ದುಪಡಿ ಹೇಳಲಾಯಿತು.

ಅದಾದ ಕೆಲವೇ ದಿನಗಳಲ್ಲಿ, ಪಾವರ್‌ಲೂಮಿನ ಸದ್ದು ಗೋಡೆಯಾಚೆ ನಡೆದೇ ಇದ್ದ ಒಂದು ರಾತ್ರಿ, ಎಲ್ಲರೂ ಕೂಡಿ ‘ಸಾರಾಭಾಯಿ’ಯ ಕಂತೊಂದನ್ನು ನೋಡಿದೆವು. ಮಾಯಾ ತನ್ನ ಎಂದಿನ ಮೃದುವಾದ, ಸಕ್ಕರೆ ಲೇಪಿಸಿದ ದನಿಯಲ್ಲಿ ಸೊಸೆಯ ಪದವೊಂದನ್ನು ತಿದ್ದಿದಳು. ನಮ್ಮ ಮನೆಯ ಸೊಸೆ ನಕ್ಕಳು. ಅವಳ ಅತ್ತೆಯೂ ನಕ್ಕರು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಇನ್ನೊಮ್ಮೆ ನಕ್ಕರು. ಈ ಎರಡನೆಯ ನಗೆಯನ್ನು ಕಫ್ ಪರೇಡಿನ ಬರಹಗಾರರು ಊಹಿಸಿರಲಾರರು. ಮಾಯಾಳ ಪ್ರತಿಷ್ಠೆಯ ಭಾಷೆ ಇಂಗ್ಲಿಷು, ನಮ್ಮಲ್ಲಿ ಅದು ಮರಾಠಿ. ಅವಳ ‘ಮಿಡ್ಲ್ ಕ್ಲಾಸ್’ ಎಂಬ ಬೈಗುಳದ ಜಾಗದಲ್ಲಿ ನಮ್ಮ ಮೌನ. ಪಾತ್ರಗಳು ಬೇರೆ, ಸ್ಥಾನಗಳು ಅವೇ.

ನುಡಿಯನ್ನು ತಿದ್ದುವುದರಿಂದ ಮನುಷ್ಯರನ್ನು ತಿದ್ದಬಹುದೆಂಬ ಕಲ್ಪನೆಯ ಸುತ್ತ ಆಧುನಿಕ ಹಾಸ್ಯದ ಒಂದು ದೊಡ್ಡ ಪರಂಪರೆಯೇ ಇದೆ. ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ ಅದರ ಪ್ರಸಿದ್ಧ ಉದಾಹರಣೆ. ಪು.ಲ. ದೇಶಪಾಂಡೆಯವರು ಅದನ್ನು ‘ತೀ ಫುಲರಾಣಿ’ ಎಂದು ಮರಾಠಿಗೆ ತಂದರು. 1975ರಲ್ಲಿ ರಂಗಕ್ಕೆ ಬಂದ ಆ ನಾಟಕದಲ್ಲಿ ಭಕ್ತಿ ಬರ್ವೆಯವರ ಅಭಿನಯವನ್ನು ಕೊಲ್ಲಾಪುರದ ಹಿರಿಯ ರಸಿಕರು ಇಂದಿಗೂ ನೆನೆಯುತ್ತಾರೆ. ಒಂದು ಕಾಲಕ್ಕೆ ಬೆಳಗಾವಿಯ ಕಾಲೇಜಿನಲ್ಲಿ ಪಾಠ ಹೇಳಿದ ಪು.ಲ. ಅವರಿಗೆ ಎರಡು ನುಡಿಗಳ ನಡುವಿನ ಬದುಕು ಅಪರಿಚಿತವಾಗಿರಲಿಲ್ಲ. ಕನ್ನಡದಲ್ಲಿ ಟಿ.ಪಿ. ಕೈಲಾಸಂ ಇಂಗ್ಲಿಷ್ ಬೆರೆತ ಮನೆಮಾತನ್ನೇ ನಾಟಕದ ಭಾಷೆಯನ್ನಾಗಿಸಿ, ಬೆರಕೆಯ ಹಿಂದಿನ ಹುಸಿ ಪ್ರತಿಷ್ಠೆಯನ್ನು ಬಯಲಿಗೆಳೆದರು.

ಈ ಸಾಲಿನಲ್ಲಿ ‘ಸಾರಾಭಾಯಿ’ಯನ್ನು ಇಟ್ಟು ನೋಡಿದರೆ ಅದರ ವೈಶಿಷ್ಟ್ಯ ಎದ್ದುಕಾಣುತ್ತದೆ. ‘ಪಿಗ್ಮೇಲಿಯನ್’ ಮಾದರಿಯಲ್ಲಿ ಹೂವಿನ ಹುಡುಗಿ ಬದಲಾಗಲೇಬೇಕು. ನಾಟಕದ ಚಲನೆ ನಿಂತಿರುವುದು ಆ ಬದಲಾವಣೆಯ ಮೇಲೆ. ಮಾಯಾ ಸೋತ ಹಿಗಿನ್ಸ್. ವಾರವಾರವೂ ಪಾಠ ಹೇಳುತ್ತಾಳೆ, ವಾರವಾರವೂ ಶಿಷ್ಯೆ ಮೊದಲಿನಂತೆಯೇ ಇರುತ್ತಾಳೆ. ಸನ್ನಿವೇಶ ಹಾಸ್ಯದ ಪ್ರಕಾರದಲ್ಲಿ ಯಾರೂ ಕಲಿಯುವುದಿಲ್ಲ, ಮುಂದಿನ ಕಂತಿಗೆ ಎಲ್ಲರೂ ಮೊದಲಿನ ಸ್ಥಿತಿಗೆ ಮರಳುತ್ತಾರೆ. ಇದನ್ನು ಆ ಪ್ರಕಾರದ ದೌರ್ಬಲ್ಯವೆಂದು ಹೇಳುವುದುಂಟು. ಭಾಷೆಯ ಅಸಮಾನತೆಯನ್ನು ವಸ್ತುವಾಗಿಸಿಕೊಂಡಾಗ ಇದೇ ದೌರ್ಬಲ್ಯ ಒಂದು ನೈತಿಕ ನಿಲುವಾಗುತ್ತದೆ: ಮೋನಿಷಾ ಕಲಿಯದಿರುವುದು ಅವಳ ಹಕ್ಕು.

ಆ ಹಕ್ಕನ್ನು ಕಾಯುವವನು ಇಂದ್ರವದನ. ಸತೀಶ್ ಶಾ ಅವರನ್ನು ನಮ್ಮ ಕಡೆಯ ಹಿರಿಯರು 1984ರಲ್ಲಿ ದೂರದರ್ಶನದಲ್ಲಿ ಬಂದ ‘ಯೇ ಜೋ ಹೈ ಜಿಂದಗಿ’ಯಿಂದಲೇ ಬಲ್ಲರು, ಅಲ್ಲಿ ಅವರು ಕಂತಿಗೊಂದು ಹೊಸ ವೇಷದಲ್ಲಿ ಬರುತ್ತಿದ್ದರು. ‘ಸಾರಾಭಾಯಿ’ಯಲ್ಲಿ ಅವರಿಗೆ ಒಂದೇ ವೇಷ. ಆದರೆ ಮನೆಯ ಯಜಮಾನನಾಗಿದ್ದೂ ಯಜಮಾನಿಕೆಯನ್ನು ಹುಡುಗಾಟಿಕೆಯಲ್ಲಿ ಕರಗಿಸುವ ಆ ಪಾತ್ರ ಸುಲಭದ್ದಲ್ಲ. ಹೆಂಡತಿಯ ಪ್ರತಿಷ್ಠೆಯ ನುಡಿ ಅವನಿಗೂ ಗೊತ್ತು. ಆದರೂ ಸೊಸೆಯ ಪಕ್ಷ ವಹಿಸುತ್ತಾನೆ. ಮೇಲಿನ ನುಡಿಯನ್ನು ಬಲ್ಲವನೊಬ್ಬ ಕೆಳಗಿನ ನುಡಿಯ ಜೊತೆಗೆ ನಿಲ್ಲುವುದು ಅಪರೂಪ. ಕಾಕುವಿನ ನೆನಪಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ಇದೇ ಎಂಬುದನ್ನು ಆಕಸ್ಮಿಕವೆನ್ನಲಾಗದು. ರತ್ನಾ ಪಾಠಕ್ ಅವರ ಅಭಿನಯವೂ ಇದಕ್ಕೆ ಸಮನಾಗಿ ನಿಲ್ಲುತ್ತದೆ. ಅವರ ಮಾಯಾ ಎಂದೂ ದನಿ ಏರಿಸುವುದಿಲ್ಲ. ಅವಮಾನವನ್ನು ವಾತ್ಸಲ್ಯದ ಸ್ವರದಲ್ಲಿಯೇ ಹೇಳುತ್ತಾಳೆ. ಆ ವಾತ್ಸಲ್ಯ ಪೂರ್ತಿ ಸುಳ್ಳೂ ಅಲ್ಲ. ಇದರಿಂದಾಗಿ ಪ್ರೇಕ್ಷಕರಿಗೆ ಅವಳನ್ನು ದ್ವೇಷಿಸಿ ಕೈತೊಳೆದುಕೊಳ್ಳುವ ಸುಲಭದ ದಾರಿ ಸಿಗುವುದಿಲ್ಲ. ತಿದ್ದುವವರು ಪ್ರೀತಿಸುವವರೂ ಆಗಿರುತ್ತಾರೆಂಬುದು ದ್ವಿಭಾಷಿಕ ಮನೆಯ ಕಹಿಸತ್ಯ.

ನೆನಪಿನ ಮೋಹದಲ್ಲಿ ಮಿತಿಗಳನ್ನು ಮರೆಯುವುದು ವಿಮರ್ಶೆಯ ಧರ್ಮವಲ್ಲ. ಮೋನಿಷಾಳ ‘ಕೆಳಮಟ್ಟ’ ಬಹಳ ಸುರಕ್ಷಿತವಾದ ಕೆಳಮಟ್ಟ. ಅವಳು ವೈದ್ಯನ ಹೆಂಡತಿ, ದಕ್ಷಿಣ ಮುಂಬಯಿಯ ನಿವಾಸಿ. ಅವಳ ಜಿಪುಣತನ ಅಭ್ಯಾಸದಿಂದ ಬಂದದ್ದು, ಅಗತ್ಯದಿಂದಲ್ಲ. ಹಾಸ್ಯದ ಏಣಿಯಲ್ಲಿ ಅವಳಿಗಿಂತ ಕೆಳಗಿನ ಮೆಟ್ಟಿಲುಗಳಲ್ಲಿರುವವರ ನುಡಿಗೆ ಅಲ್ಲಿ ಕೇಂದ್ರಸ್ಥಾನ ಸಿಗಲಿಲ್ಲ. ಇಚಲಕರಂಜಿಯಲ್ಲಿ ಮಗ್ಗದ ಮುಂದೆ ರಾತ್ರಿಪಾಳಿ ಮಾಡುವ ಕನ್ನಡ ಕಾರ್ಮಿಕನಿಗೆ ನುಡಿ ಬದಲಿಸುವುದು ಮರ್ಯಾದೆಯ ಪ್ರಶ್ನೆ ಮಾತ್ರವಲ್ಲ, ಕೂಲಿಯ ಪ್ರಶ್ನೆಯೂ ಹೌದು. ಆ ತೂಕವನ್ನು ‘ಸಾರಾಭಾಯಿ’ ಹೊರಲಾರದು. ರೋಸೇಶನ ಅಸಂಬದ್ಧ ಕವಿತೆಗಳು ಮೊದಲು ನಗಿಸಿದರೂ ಕೊನೆಯ ಹೊತ್ತಿಗೆ ಯಾಂತ್ರಿಕವಾಗಿದ್ದವು ಎಂಬ ಆಕ್ಷೇಪವನ್ನೂ ಪೂರ್ತಿ ತಳ್ಳಿಹಾಕಲಾಗದು. ಆದರೆ ಹಾಸ್ಯಕ್ಕೆ ಕೇಳಬೇಕಾದ ಪ್ರಶ್ನೆ ಅದು ಎಲ್ಲವನ್ನೂ ಹೇಳಿತೇ ಎಂಬುದಲ್ಲ. ಹೇಳಿದ್ದನ್ನು ಬೇರೆಯವರು ತಮ್ಮ ಮನೆಗೆ ಕೊಂಡೊಯ್ಯಲು ಬಂದಿತೇ ಎಂಬುದು. ಆ ಪರೀಕ್ಷೆಯಲ್ಲಿ ಅದು ಗೆದ್ದಿದೆ.

ಹಾಗಿದ್ದರೆ ಅದು ನಿಂತದ್ದೇಕೆ? ಟಿ.ಆರ್.ಪಿ. ಎಂಬುದು ಒಂದು ಎಣಿಕೆ. ಅಂದಿನ ಮಾಪಕಗಳು ನಗರಗಳ ಆಯ್ದ ಮನೆಗಳಲ್ಲಿ ಇದ್ದವು. ಗ್ರಾಮೀಣ ಭಾರತದ ಮನೆಗಳನ್ನು ವೀಕ್ಷಕರ ಲೆಕ್ಕಕ್ಕೆ ಸೇರಿಸಿದ್ದು 2015ರಲ್ಲಿ, ಬಾರ್ಕ್ ಸಂಸ್ಥೆಯ ಕಾಲದಲ್ಲಿ. ನಮ್ಮ ಹಳ್ಳಿಗಳ ಮನೆಗಳನ್ನು ಎಣಿಸಿದ್ದರೆ ಧಾರಾವಾಹಿ ಉಳಿಯುತ್ತಿತ್ತೆಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಹೆಚ್ಚಿನವರು ‘ಕ್ಯೋಂಕಿ’ಯನ್ನೇ ನೋಡುತ್ತಿದ್ದರು. ಕನ್ನಡದ ನಗೆಗಾಗಿ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳು ಈಟಿವಿ ಕನ್ನಡದಲ್ಲಿದ್ದವು, ಅವನ್ನೂ ಪ್ರೀತಿಯಿಂದ ನೋಡಿದೆವು, ಆದರೆ ಅವು ಕನ್ನಡ ಬಹುಸಂಖ್ಯಾತವಾಗಿರುವ ನಾಡಿನ ಹಾಸ್ಯಗಳು, ಅಲ್ಲಿ ಮನೆಮಾತನ್ನು ಹೊಸ್ತಿಲಲ್ಲಿ ಬದಲಿಸುವ ಅಗತ್ಯ ಯಾರಿಗೂ ಇಲ್ಲ. ನನ್ನ ಆಕ್ಷೇಪ ಎಣಿಕೆಯ ಬಗೆಯ ಕುರಿತಾದದ್ದು. ಮಾಪಕ ಯಾವ ಮನೆಯಲ್ಲಿ ಯಾವ ವಾಹಿನಿ ಎಷ್ಟು ಹೊತ್ತು ನಡೆಯಿತೆಂದು ದಾಖಲಿಸುತ್ತದೆ. ಅತ್ತೆ-ಸೊಸೆ ಎರಡನೆಯ ಬಾರಿ ನಕ್ಕದ್ದನ್ನು ದಾಖಲಿಸಲು ಅದರಲ್ಲಿ ಕೋಷ್ಟಕವಿಲ್ಲ.

ಅಲ್ಪಸಂಖ್ಯಾತ ಭಾಷಿಕರಿಗೆ ಈ ಬಗೆಯ ಎಣಿಕೆ ಚಿರಪರಿಚಿತ. ಜನಗಣತಿಯ ನಮೂನೆಯಲ್ಲಿ ಮಾತೃಭಾಷೆಗೆ ಒಂದೇ ಜಾಗ. ತಿಳಿದಿರುವ ಇತರ ಭಾಷೆಗಳಿಗೆ ಎರಡು. ಅಡುಗೆಮನೆಯಲ್ಲಿ ಕನ್ನಡವಾಗಿ, ಹೊರಕೋಣೆಯಲ್ಲಿ ಮರಾಠಿಯಾಗಿ ಬದುಕುವ ಮನೆ ಆ ದಿನ ಗಣತಿದಾರರು ಯಾವ ಕೋಣೆಯಲ್ಲಿ ಕುಳಿತಿದ್ದರೆಂಬುದರ ಮೇಲೆ ಒಂದು ಭಾಷೆಯ ಲೆಕ್ಕಕ್ಕೆ ಸೇರಬಹುದು. ಮಕ್ಕಳ ಸಂಖ್ಯೆ ಕಡಿಮೆಯಾದುದನ್ನು ತೋರಿಸಿ ಕನ್ನಡ ಶಾಲೆಯ ಅಗತ್ಯವನ್ನು ಪ್ರಶ್ನಿಸುವ ತರ್ಕವೂ ಇದರ ನೆಂಟನೇ. ಸಂಖ್ಯೆ ಕಡಿಮೆಯಾದುದಕ್ಕೆ ಕಾರಣವಾದ ಹೊಸ್ತಿಲ ಮೌನ ಎಲ್ಲಿಯೂ ನಮೂದಾಗುವುದಿಲ್ಲ. ಒಂದು ಹಾಸ್ಯ ಧಾರಾವಾಹಿ ನಿಂತದ್ದಕ್ಕೂ ಒಂದು ಶಾಲೆ ಮುಚ್ಚುವುದಕ್ಕೂ ತೂಕದಲ್ಲಿ ಹೋಲಿಕೆಯಿಲ್ಲವೆಂದು ಬಲ್ಲೆ. ಎರಡನ್ನೂ ನಿರ್ಧರಿಸುವ ತಕ್ಕಡಿ ಮಾತ್ರ ಒಂದೇ.

2017ರಲ್ಲಿ ‘ಸಾರಾಭಾಯಿ’ ಹಾಟ್‌ಸ್ಟಾರ್‌ನಲ್ಲಿ ಎರಡನೆಯ ಸರಣಿಯಾಗಿ ಮರಳಿತು. ನಟರು ಅವರೇ, ನುಡಿಗಟ್ಟುಗಳೂ ಅವೇ. ಆದರೆ ಹಳೆಯ ಅಭಿಮಾನಿಗಳಿಗೆ ತೃಪ್ತಿ ಸಿಗಲಿಲ್ಲ. ಕಾರಣವನ್ನು ಬರವಣಿಗೆಯ ಸಡಿಲಿಕೆಯಲ್ಲಿ ಹುಡುಕಿದವರಿದ್ದಾರೆ. ನನಗೆ ತೋರುವ ಕಾರಣ ಬೇರೆ. ಅಷ್ಟರಲ್ಲಿ ಮೋನಿಷಾಳ ಚೌಕಾಸಿ, ಮಾಯಾಳ ತಿರಸ್ಕಾರ ಎರಡೂ ಜನ ಹಂಚಿಕೊಳ್ಳುವ ಚಿತ್ರಗಳಾಗಿ, ಬಿಡಿ ಚಟಾಕಿಗಳಾಗಿ ಪ್ರಸಿದ್ಧವಾಗಿದ್ದವು. ಪಾತ್ರಗಳು ತಮ್ಮ ಪ್ರಸಿದ್ಧಿಯನ್ನೇ ಅಭಿನಯಿಸತೊಡಗಿದವು. ಮೊದಲಿನದರಲ್ಲಿ ಒಬ್ಬಳು ತನ್ನ ಪದವನ್ನು ಸಹಜವಾಗಿ ಆಡುತ್ತಿದ್ದಳು, ಇನ್ನೊಬ್ಬಳಿಗೆ ನಿಜವಾಗಿ ನೋವಾಗುತ್ತಿತ್ತು. ಎರಡನೆಯದರಲ್ಲಿ ಆ ನೋವು ಉಳಿದಿರಲಿಲ್ಲ. ಬೇಗ ನಿಂತ ಕೃತಿಯನ್ನು ಮರಳಿ ಎಬ್ಬಿಸುವಾಗ ಅದು ನಿಂತ ಕ್ಷಣದ ಉಸಿರು ಸಿಗುವುದು ಕಷ್ಟ.

ಅದಕ್ಕೂ ಮೊದಲೇ ನಮ್ಮ ಪ್ರದೇಶವೇ ಪರದೆಯ ಮೇಲೆ ಬಂದಿತ್ತು. 2016ರಲ್ಲಿ ಝೀ ಮರಾಠಿಯಲ್ಲಿ ಆರಂಭವಾದ ‘ತುಝ್ಯಾತ್ ಜೀವ್ ರಂಗಲಾ’ ಕೊಲ್ಲಾಪುರದ ಹಿನ್ನೆಲೆಯ ಕಥೆ. ವಸಗಡೆ ಗ್ರಾಮದಲ್ಲಿ ಅದರ ಚಿತ್ರೀಕರಣ ನಡೆದು, ಆ ಮನೆಯನ್ನು ನೋಡಲು ಜನ ಬಸ್ಸು ಹಿಡಿದು ಹೋದರು. ಕೊಲ್ಲಾಪುರದ ರಾಂಗಡಾ ಮಾತು ಮಹಾರಾಷ್ಟ್ರದ ಮನೆಮನೆಗಳಲ್ಲಿ ಕೇಳಿಸಿದ್ದು ನಮಗೆಲ್ಲ ಸಂತೋಷವನ್ನೇ ತಂದಿತು. ಆದರೆ ಅಲ್ಲಿ ಆ ಮಾತು ಮುಖ್ಯವಾಗಿ ನಾಯಕನ ಮುಗ್ಧತೆಯ ಆಭರಣ. ಅವನ ಹೃದಯ ಎಷ್ಟು ಶುದ್ಧವೋ ಮಾತು ಅಷ್ಟು ಒರಟು ಎಂಬ ಸಮೀಕರಣ. ನುಡಿ ಮತ್ತು ನುಡಿಯ ನಡುವಿನ ಸೆಣಸಾಟ, ಅದರ ನಗೆ, ಅದರ ನೋವು ಅಲ್ಲಿ ವಸ್ತುವಾಗಲಿಲ್ಲ. ಒಂದು ಪ್ರದೇಶದ ಉಚ್ಚಾರವನ್ನು ಕೇಳಿಸುವುದು ಬೇರೆ, ಆ ಪ್ರದೇಶದ ಮನೆಗಳಲ್ಲಿ ಉಚ್ಚಾರ ಬದಲಾಗುವ ಕ್ಷಣವನ್ನು ಕಾಣುವುದು ಬೇರೆ. ‘ಸಾರಾಭಾಯಿ’ ನಮ್ಮ ಊರಿನ ಹೆಸರನ್ನೂ ಎತ್ತದೆ ಆ ಕ್ಷಣವನ್ನು ಕಂಡಿತ್ತು.

ಗಡಿಯ ಈಚೆಗಿನ ಕನ್ನಡಿಗರ ಬದುಕನ್ನು ಕುರಿತ ನಮ್ಮ ಬರವಣಿಗೆ ಬಹುತೇಕ ಅಳಲಿನ ಧಾಟಿಯಲ್ಲಿದೆ. ಅಳಲಿಗೆ ಕಾರಣಗಳಿವೆ, ಅದನ್ನು ಅಲ್ಲಗಳೆಯುವುದು ಸಲ್ಲದು. ಆದರೆ ಹೊಸ್ತಿಲಲ್ಲಿ ರೊಟ್ಟಿ ಭಾಕರಿಯಾಗುವ ಸನ್ನಿವೇಶ ಅಳಲಿಗಿಂತ ಮೊದಲು ಹಾಸ್ಯದ ಸನ್ನಿವೇಶ. ಅಲ್ಲಿ ಇಬ್ಬರೂ ಒಂದೇ ಮನೆಯವರು, ಇಬ್ಬರಿಗೂ ಎರಡೂ ಪದ ಗೊತ್ತು, ಆದರೂ ಒಂದನ್ನು ಬಚ್ಚಿಡುವ ಆಟ ನಡೆಯುತ್ತದೆ. ಇದನ್ನು ನಾಟಕವಾಗಿಯೋ ಸರಣಿಯಾಗಿಯೋ ನಾವೇ ಬರೆಯಬಹುದಿತ್ತು. ಬರೆದಿದ್ದರೆ ಎರಡು ನುಡಿಗಳಲ್ಲೂ ನಗುವ ಪ್ರೇಕ್ಷಕರು ಈ ಮೂರು ಊರುಗಳಲ್ಲಿಯೇ ಸಿಗುತ್ತಿದ್ದರು. ಬೇಗ ನಿಂತ ಹಿಂದಿ ಧಾರಾವಾಹಿಯೊಂದು ಆ ಕೆಲಸದ ಮಾದರಿಯನ್ನು ಬಿಟ್ಟುಹೋಗಿದೆ. ಅದರ ಮುಂದಿನ ಕಂತು ನಮ್ಮ ಅಡುಗೆಮನೆಗಳಲ್ಲಿ ಬರೆಯದೆ ಉಳಿದಿದೆ.

ಆ ದಿನ ಇಚಲಕರಂಜಿಯಲ್ಲಿ ಸುದ್ದಿ ಮುಗಿದ ಮೇಲೆ ಕಾಕು ಊಟಕ್ಕೆ ಕರೆದರು. ಹೊರಕೋಣೆಯಲ್ಲಿ ಮೊಮ್ಮಗನ ಮರಾಠಿ ಗೆಳೆಯರು ಕುಳಿತಿದ್ದರು. ಒಳಗಿನಿಂದ, ಈಗ ಮಧ್ಯವಯಸ್ಸಿಗೆ ಬಂದಿರುವ ಆ ಗಡಹಿಂಗ್ಲಜದ ಸೊಸೆ, ದನಿ ತಗ್ಗಿಸದೆ ಕೇಳಿದಳು: “ಅವ್ವಾ, ಎಷ್ಟ ರೊಟ್ಟಿ ಬಡೀಲಿ?” ಈ ಸಲ ಯಾರೂ ಅವಳನ್ನು ತಿದ್ದಲಿಲ್ಲ. ಹುಡುಗರಲ್ಲೊಬ್ಬ ‘ರೊಟ್ಟಿ’ ಎಂದು ತನ್ನಷ್ಟಕ್ಕೆ ಅಂದು ನೋಡಿದ.